ಕೆಂಪೆಲೆಯ ವಯಸ್ಸು: ಊಟಿಯ ಸಸ್ಯೋದ್ಯಾನದಲ್ಲಿ ಕಾರ್ತಿಕದ ಕೊನೆಯ ಛಾಯಾಗ್ರಹಣ ನಡಿಗೆ

(ನೀಲಗಿರಿ ಜಿಲ್ಲೆಯಲ್ಲಿ ನೆಲೆಸಿರುವ ಕನ್ನಡಿಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಅಂದು ತೆರೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲವಾದ್ದರಿಂದ ಅವುಗಳಲ್ಲಿದ್ದುದನ್ನು ಮಾತಿನಲ್ಲಿಯೇ ಹೇಳಲು ಪ್ರಯತ್ನಿಸಿದ್ದೇನೆ.)

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕಾರ್ತಿಕ ಮಾಸ ಮುಗಿಯುತ್ತ ಬಂದಂತೆ ಮೈಸೂರು, ಚಾಮರಾಜನಗರ, ತಾಳವಾಡಿಯ ಕಡೆಯಿಂದ ಕ್ಯಾಮೆರಾ ಹೆಗಲಿಗೇರಿಸಿ ಘಟ್ಟ ಹತ್ತಿ ಬರುವ ನಮ್ಮ ನೆಂಟರೂ ಗೆಳೆಯರೂ ಇಲ್ಲಿರುವ ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: ಬೊಟಾನಿಕಲ್ ಗಾರ್ಡನ್ನಿನಲ್ಲಿ ಎಲೆ ಕೆಂಪಾಗಿದೆಯೇ? ಜಪಾನಿನ ಮೇಪಲ್ ಮರಗಳನ್ನೂ ಕಾಶ್ಮೀರದ ಚಿನಾರ್ ಮರಗಳನ್ನೂ ಮೊಬೈಲ್ ಪರದೆಯಲ್ಲಿ ನೋಡಿ ಬಂದವರ ಪ್ರಶ್ನೆ ಅದು. ಶರದೃತುವೆಂದರೆ ಕೆಂಪೆಲೆ, ಕೆಂಪೆಲೆಯೆಂದರೆ ಉದುರಲಿರುವ ಎಲೆ ಎಂಬ ನಂಬಿಕೆ ಅದರ ಹಿಂದಿದೆ. ಆಗಿದೆ ಎಂದು ಉತ್ತರಿಸಿದರೂ ಇಲ್ಲ ಎಂದು ಉತ್ತರಿಸಿದರೂ ತಪ್ಪಾಗುವುದಿಲ್ಲ. ಏಕೆಂದರೆ ನಮ್ಮ ಉದ್ಯಾನದಲ್ಲಿ ಈ ದಿನಗಳಲ್ಲಿ ಕೆಂಪು ಬೇಕಾದಷ್ಟಿದೆ. ಆದರೆ ಒಂದು ಕೆಂಪು ಮುಪ್ಪಿನದು, ಮತ್ತೊಂದು ಹಸುಗೂಸಿನದು, ಇನ್ನೊಂದು ರಾತ್ರಿ ಉದ್ದವಾದದ್ದನ್ನು ಗುರುತಿಸಿದ್ದರ ಫಲ, ಮಗದೊಂದು ತೋಟಗಾರರು ಆರಿಸಿ ಬೆಳೆಸಿದ್ದು. ಚಿತ್ರದಲ್ಲಿ ಇವೆಲ್ಲವೂ ಒಂದೇ ಕೆಂಪಾಗಿ ಕಾಣುತ್ತವೆ. ಹಾಗೆ ಕಾಣದಂತೆ, ನೋಡಿದವರಿಗೆ ಎಲೆಯ ವಯಸ್ಸು ಗೊತ್ತಾಗುವಂತೆ ಚಿತ್ರ ತೆಗೆಯುವುದು ಹೇಗೆ ಎಂಬುದಷ್ಟೇ ಇಂದಿನ ನನ್ನ ವಿಷಯ.

ಮೊದಲು ಸ್ಥಳದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಇಲ್ಲಿನ ಮರಗಳು ಎಲ್ಲಿಂದ ಬಂದವು ಎಂಬುದನ್ನು ಬಿಟ್ಟು ಅವುಗಳ ಬಣ್ಣದ ಮಾತನಾಡಲಾಗದು. ದೊಡ್ಡಬೆಟ್ಟದ ಇಳಿಜಾರಿನಲ್ಲಿ ಸುಮಾರು 22 ಹೆಕ್ಟೇರಿನಷ್ಟು ಹರಡಿರುವ ಈ ಉದ್ಯಾನದ ಮೂಲ, ಊಟಿಯಲ್ಲಿದ್ದ ಯುರೋಪಿಯನ್ನರು ಚಂದಾ ಕೂಡಿಸಿ ಮಾಡಿಕೊಂಡ ಒಂದು ತರಕಾರಿ ತೋಟ. ಅದು ಸರಿಯಾಗಿ ನಡೆಯದೆ, ಸಾರ್ವಜನಿಕ ಉದ್ಯಾನವೇ ಬೇಕೆಂದು ನಿರ್ಧಾರವಾದ ಮೇಲೆ, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ಗ್ರಹಾಂ ಮೆಕೈವರ್ 1848ರಲ್ಲಿ ಇಲ್ಲಿಗೆ ಬಂದರು. ಆಗ ಮೇಲಿನ ಭಾಗ ದಟ್ಟ ಕಾಡು, ಕೆಳಗಿನ ಭಾಗ ಜೌಗು, ನಡುವೆ ಆಳವಾದ ಕೊರಕಲುಗಳು. ಅದನ್ನು ಅಂತಸ್ತು ಅಂತಸ್ತಾಗಿ ಕಡಿದು, ನೀರು ಬಸಿದು, ಇಂದಿನ ಆಕಾರಕ್ಕೆ ತರಲು ಅವರಿಗೆ ಸುಮಾರು ಹತ್ತು ವರ್ಷ ಹಿಡಿಯಿತು. ಮುಂದೆ 1860ರ ದಶಕದಲ್ಲಿ ಮಲೇರಿಯಾದ ಔಷಧಿ ಕ್ವಿನೈನ್ ಕೊಡುವ ಸಿಂಕೋನಾ ಮರಗಳ ನೀಲಗಿರಿಯ ತೋಟಗಳನ್ನು ಬೆಳೆಸಿದವರೂ ಅವರೇ.

ಹೀಗೆ ಕಾಡು ಕಡಿದು ಮಾಡಿದ ಉದ್ಯಾನದಲ್ಲಿ ಈಗ ಎರಡು ಬಗೆಯ ಮರಗಳು ಅಕ್ಕಪಕ್ಕದಲ್ಲಿ ನಿಂತಿವೆ. ದೂರದ ಚಳಿನಾಡುಗಳಿಂದ ಬಂದು ನೆಲೆಯೂರಿದವು ಒಂದು ಬಗೆ. ಕಡಿದು ಉಳಿದ ಶೋಲಾ ಕಾಡಿನವು, ಅಂದರೆ ಘಟ್ಟದ ಎತ್ತರದ ಕಣಿವೆಗಳಲ್ಲಿ ಬೆಳೆಯುವ ಕುಳ್ಳ ಮರಗಳ ಕಾಡಿನವು, ಇನ್ನೊಂದು ಬಗೆ. ಇವುಗಳ ಪಂಚಾಂಗ ಬೇರೆ ಬೇರೆ. ಛಾಯಾಗ್ರಾಹಕ ಒಂದೇ ಬೆಳಗಿನಲ್ಲಿ ಎರಡನ್ನೂ ಓದಬೇಕಾಗುತ್ತದೆ.

ಚಳಿನಾಡಿನ ಮರವು ಎಲೆ ಉದುರಿಸಲು ಎರಡು ಸೂಚನೆಗಳನ್ನು ಕಾಯುತ್ತದೆ: ಹಗಲು ಕುಗ್ಗುವುದು, ಚಳಿ ಏರುವುದು. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಯ ಹಗಲು ಎಂಟು ಗಂಟೆಗೂ ಕಡಿಮೆ, ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆ. ನಮ್ಮ ಊಟಿ ಸಮಭಾಜಕ ವೃತ್ತದಿಂದ ಹನ್ನೊಂದೂವರೆ ಡಿಗ್ರಿಯಷ್ಟೇ ಉತ್ತರಕ್ಕಿದೆ. ಇಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂಕಾಲು ಗಂಟೆ. ಹಾಗಾಗಿ ಪರದೇಶದ ಮರಕ್ಕೆ ಇಲ್ಲಿ ದೊರೆಯುವ ಹಗಲಿನ ಸೂಚನೆ ಬಹಳ ಕ್ಷೀಣ. 2,200 ಮೀಟರಿಗೂ ಮೇಲ್ಪಟ್ಟ ಎತ್ತರದಿಂದಾಗಿ ಚಳಿಯ ಸೂಚನೆ ಮಾತ್ರ ಸಿಗುತ್ತದೆ, ಅದೂ ತಡವಾಗಿ, ಹಿಂಗಾರು ಮಳೆ ಹಿಂದೆಗೆದು ಆಕಾಶ ತಿಳಿಯಾದ ಮೇಲೆ. ಆದ್ದರಿಂದಲೇ ಅಂಥ ಮರಗಳು ಇಲ್ಲಿ ಒಟ್ಟಾಗಿ ಒಂದೇ ವಾರದಲ್ಲಿ ಹೊತ್ತಿಕೊಳ್ಳುವುದಿಲ್ಲ. ಒಂದು ಕೊಂಬೆ ಹಳದಿಯಾದರೆ ಪಕ್ಕದ ಕೊಂಬೆ ಹಸಿರಾಗಿಯೇ ಇರುತ್ತದೆ. ಒಂದು ಮರ ಬೋಳಾದಾಗ ಅದೇ ಜಾತಿಯ ಇನ್ನೊಂದು ಮರ ಇನ್ನೂ ಯೋಚನೆ ಮಾಡುತ್ತಿರುತ್ತದೆ. ಪ್ರವಾಸಿ ಪುಸ್ತಿಕೆಗಳ ಶರತ್ಕಾಲವನ್ನು ಹುಡುಕಿಕೊಂಡು ಬಂದವರಿಗೆ ಇದು ನಿರಾಶೆ. ನನಗಂತೂ ಇದೇ ಹೆಚ್ಚು ರುಚಿಸುವ ಸಂಗತಿ, ಏಕೆಂದರೆ ಎಲೆಯ ಎಲ್ಲ ಹಂತಗಳೂ ಒಂದೇ ಚೌಕಟ್ಟಿನಲ್ಲಿ ದೊರೆಯುತ್ತವೆ.

ಇನ್ನು ನಡಿಗೆಗೆ ಬರುತ್ತೇನೆ.

ಸ್ವಾತಿ, ವಿಶಾಖಾ ಮಳೆಗಳು ಕಳೆದು ಅನೂರಾಧಾ ನಡೆಯುವ ಕಾಲವನ್ನು ಈ ನಡಿಗೆಗೆ ಆರಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷ್ ತಿಂಗಳಿನ ಲೆಕ್ಕದಲ್ಲಿ ಅದು ನವೆಂಬರಿನ ಕೊನೆಯ ಹತ್ತು ದಿನ. ಮುಂಗಾರಿನ ಜೊತೆಗೆ ಹಿಂಗಾರಿನ ಮಳೆಯನ್ನೂ ಪಡೆಯುವ ನೀಲಗಿರಿಯಲ್ಲಿ ಆಗಲೂ ಮಳೆ ಇರುತ್ತದೆ, ಆದರೆ ನಡುನಡುವೆ ಬಿಡುವು ಕೊಡುತ್ತದೆ. ಗಾಳಿಯ ಧೂಳು ತೊಳೆದುಹೋಗಿರುತ್ತದೆ. ಇಬ್ಬನಿ ಮಂಜುಗಡ್ಡೆಯಾಗುವ ಚಳಿ ಸಾಮಾನ್ಯವಾಗಿ ಇನ್ನೂ ಬಂದಿರುವುದಿಲ್ಲ. ಸೂರ್ಯನ ಹಾದಿಯೂ ಅನುಕೂಲವಾಗಿರುತ್ತದೆ. ಏಪ್ರಿಲ್ ಮೂರನೆಯ ವಾರದಲ್ಲಿ ನಮ್ಮ ನೆತ್ತಿಯ ಮೇಲೆ ನೇರವಾಗಿ ನಿಲ್ಲುವ ಸೂರ್ಯ ಈಗ ನಡುಹಗಲಿನಲ್ಲಿಯೂ ದಕ್ಷಿಣಕ್ಕೆ ವಾಲಿ ಐವತ್ತೆಂಟು ಡಿಗ್ರಿಯ ಆಸುಪಾಸಿನಲ್ಲಿ ಇರುತ್ತಾನೆ. ನಡುಹಗಲಿನಲ್ಲೂ ಗಿಡದ ನೆರಳು ಅದರ ಎತ್ತರದ ಅರ್ಧಕ್ಕಿಂತ ಹೆಚ್ಚು ಉದ್ದವಾಗಿ ಉತ್ತರಕ್ಕೆ ಬೀಳುತ್ತದೆ. ಅಂದರೆ ಮಧ್ಯಾಹ್ನ ಕ್ಯಾಮೆರಾ ಒಳಗಿಟ್ಟು ಊಟಕ್ಕೆ ಹೋಗಬೇಕೆಂಬ ಬೇಸಿಗೆಯ ನಿಯಮ ಈ ವಾರಗಳಿಗೆ ಅನ್ವಯಿಸುವುದಿಲ್ಲ. ಮರದ ಉತ್ತರ ಬದಿಗೆ ನಿಂತು ದಕ್ಷಿಣದತ್ತ ತಲೆಯೆತ್ತಿದರೆ ದಿನವಿಡೀ ಎಲೆಯ ಹಿಂದಿನಿಂದ ಬೆಳಕು ಹಾಯುತ್ತಿರುತ್ತದೆ. ಬೆಳಗಿನ ಹೊತ್ತು ಮಾತ್ರ ಸ್ವಲ್ಪ ತಾಳ್ಮೆ ಬೇಕು, ಏಕೆಂದರೆ ಪೂರ್ವಕ್ಕೆ ದೊಡ್ಡಬೆಟ್ಟದ ಏರು ಇರುವುದರಿಂದ ಸೂರ್ಯೋದಯವಾಗಿ ಎಷ್ಟೋ ಹೊತ್ತಿನವರೆಗೆ ಉದ್ಯಾನದ ಕೆಳಭಾಗ ನೆರಳಿನಲ್ಲಿಯೇ ಇರುತ್ತದೆ.

ಆ ನೆರಳಿನ ಹೊತ್ತಿನಲ್ಲಿ ಕೆಂಪನ್ನು ಹುಡುಕಬೇಡಿ. ತಿಳಿ ಆಕಾಶದ ನೀಲಿ ಬೆಳಕು ನೆರಳಿನಲ್ಲಿರುವ ಎಲ್ಲದರ ಮೇಲೂ ಬೀಳುವುದರಿಂದ ಕೆಂಪೆಲೆ ಕಂದಿದ ನೇರಳೆಯಂತೆ ಕಾಣುತ್ತದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಸ್ವಯಂಚಾಲಿತಕ್ಕೆ ಬಿಡದೆ ನೆರಳಿನ ಗುರುತಿಗೆ, ಅಂದರೆ 7,000 ಕೆಲ್ವಿನ್ನಿನ ಆಸುಪಾಸಿಗೆ ಇಟ್ಟುಕೊಂಡರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ಆದರೂ ಆ ಹೊತ್ತನ್ನು ತೊಗಟೆಗಳಿಗೆ ಮೀಸಲಿಡುವುದು ಲೇಸು. ಊಟಿಯ ಉದ್ಯಾನದಲ್ಲಿ ಬೂಚಿನ ಮರವಿದೆ, ಕಾಗದದಂತೆ ಪದರ ಪದರವಾಗಿ ತೊಗಟೆ ಬಿಡಿಸಿಕೊಳ್ಳುವ ಮರವಿದೆ, ಮಂಗನೂ ಹತ್ತಲಾರದೆಂದು ಹೆಸರಾದ ಅರೌಕೇರಿಯಾ ಜಾತಿಯ ಮುಳ್ಳೆಲೆಯ ಮರವಿದೆ. ನೀಲಗಿರಿ ಮರಗಳಂತೂ ಎಲೆಯ ಬದಲು ತೊಗಟೆಯನ್ನು ಉದುರಿಸುವ ಮರಗಳು. ಮಳೆಯಲ್ಲಿ ನೆನೆದ ಅವುಗಳ ಹೊಸ ಮೈಯಲ್ಲಿ ಬೂದು, ಕೆನೆ, ನಸುಗುಲಾಬಿ ಬಣ್ಣಗಳು ಪಟ್ಟೆಪಟ್ಟೆಯಾಗಿ ಮೂಡಿರುತ್ತವೆ. ಚದುರಿದ ಮೆತ್ತನೆಯ ಬೆಳಕೇ ಇವಕ್ಕೆ ಸರಿ. ಎರಡು ಕೋಟಿ ವರ್ಷ ಹಳೆಯದೆನ್ನುವ ಶಿಲೀಭೂತ ಮರದ ಕಾಂಡವೂ ಇದೇ ಉದ್ಯಾನದಲ್ಲಿದೆ. ಅದರ ಚಿತ್ರ ತೆಗೆಯದೆ ಯಾರೂ ಮುಂದೆ ಹೋಗುವುದಿಲ್ಲ, ಆದ್ದರಿಂದ ಅದರ ಬಗ್ಗೆ ನಾನು ಹೇಳುವುದೇನೂ ಇಲ್ಲ.

ಬಿಸಿಲು ಹುಲ್ಲುಹಾಸಿನ ಏರಿಗೆ ಇಳಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಮೊದಲು ಮುಪ್ಪಿನ ಬಣ್ಣವನ್ನು ನೋಡೋಣ. ಎಲೆ ಮುದಿಯಾದಾಗ ಮರವು ಅದರಲ್ಲಿನ ಪತ್ರಹರಿತ್ತನ್ನು ಒಡೆದು, ಸಾರಜನಕವೇ ಮೊದಲಾದ ಬೆಲೆಯುಳ್ಳ ವಸ್ತುಗಳನ್ನು ಕಾಂಡಕ್ಕೆ ವಾಪಸು ಎಳೆದುಕೊಳ್ಳುತ್ತದೆ. ಹಸಿರು ಹಿಂದೆ ಸರಿದಾಗ, ಮೊದಲಿನಿಂದಲೂ ಎಲೆಯಲ್ಲಿಯೇ ಇದ್ದ ಕೆರೋಟಿನಾಯ್ಡುಗಳ ಹಳದಿ ಹೊರಗೆ ಕಾಣುತ್ತದೆ. ಕೆಂಪು ಹಾಗಲ್ಲ; ಆಂಥೋಸಯಾನಿನ್ ಎಂಬ ಆ ವರ್ಣದ್ರವ್ಯವನ್ನು ಬಹುಪಾಲು ಮರಗಳು ಕೊನೆಯ ದಿನಗಳಲ್ಲಿ ಹೊಸದಾಗಿ ತಯಾರಿಸುತ್ತವೆ. ಉದುರಲಿರುವ ಎಲೆಗೆ ಇಷ್ಟು ಖರ್ಚು ಮಾಡುವುದೇಕೆ ಎಂಬುದರ ಬಗ್ಗೆ ಸಸ್ಯವಿಜ್ಞಾನಿಗಳಲ್ಲಿ ಇನ್ನೂ ವಾದ ನಡೆದಿದೆ; ಪೋಷಕಾಂಶಗಳನ್ನು ಹಿಂದಕ್ಕೆಳೆಯುವ ಕೆಲಸ ಮುಗಿಯುವ ತನಕ ತೀಕ್ಷ್ಣ ಬೆಳಕಿನಿಂದ ಎಲೆಯನ್ನು ಕಾಪಾಡುವ ಪರದೆ ಅದು ಎಂಬುದು ಒಂದು ಪ್ರಬಲ ವಾದ. ಊಟಿಯ ಉದ್ಯಾನದಲ್ಲಿರುವ ಗಿಂಕ್ಗೊ ಆ ಖರ್ಚಿಗೆ ಹೋಗದ ಮರ. ಬೀಸಣಿಗೆಯಾಕಾರದ ಅದರ ಎಲೆ ಬರಿಯ ಹಳದಿಯಾಗಿ ಉದುರುತ್ತದೆ. ತನ್ನ ಬಳಗದ ಉಳಿದ ಎಲ್ಲ ಮರಗಳೂ ಅಳಿದು ತಾನೊಂದೇ ಉಳಿದ ಮರ ಅದು. ಆ ವಂಶದ ಎಲೆಗಳ ಗುರುತು ಡೈನೋಸಾರುಗಳ ಕಾಲದ ಶಿಲೆಗಳಲ್ಲಿಯೂ ದೊರೆಯುತ್ತದೆ. ಕೆಂಪಾಗುವುದನ್ನು ನೋಡಲು ಉದ್ಯಾನಕ್ಕೇ ಬರಬೇಕೆಂದಿಲ್ಲ. ನಮ್ಮ ಜಿಲ್ಲೆಯ ಮನೆಗಳ ಹಿತ್ತಿಲಿನ ಪೇರು, ಪ್ಲಮ್ ಮರಗಳೂ ಚಳಿನಾಡಿನವೇ, ಎಲೆ ಉದುರಿಸುವವೇ.

ಇದಕ್ಕೆ ತೀರ ಎದುರಾದದ್ದು ಶೋಲಾ ಮರಗಳ ಕೆಂಪು. ಶೋಲಾ ಮರಗಳು ನಿತ್ಯಹಸಿರು. ಅವುಗಳಲ್ಲಿ ಎಲೆಯುದುರುವ ಕಾಲವೊಂದು ಎದ್ದು ಕಾಣುವುದಿಲ್ಲ. ಬದಲಾಗಿ, ನೇರಳೆಯ ಕುಲಕ್ಕೆ ಸೇರಿದ ಮರಗಳಲ್ಲಿ, ದಾಲ್ಚಿನ್ನಿಯ ಬಳಗದ ಮರಗಳಲ್ಲಿ ಹೊಸ ಚಿಗುರು ತಾಮ್ರಗೆಂಪಾಗಿ, ಕೆಲವೊಮ್ಮೆ ರಕ್ತಗೆಂಪಾಗಿ ಹೊಮ್ಮುತ್ತದೆ. ಬಯಲುಸೀಮೆಯಿಂದ ಬಂದವರಿಗೆ ಮಾವಿನ ತಳಿರನ್ನು ನೆನಪಿಸಿದರೆ ಸಾಕು, ಬೇರೆ ವಿವರಣೆ ಬೇಡ. ಇಲ್ಲಿಯೂ ಕೆಂಪಿಗೆ ಕಾರಣ ಆಂಥೋಸಯಾನಿನ್ನೇ. ಪತ್ರಹರಿತ್ತು ಇನ್ನೂ ತುಂಬಿಲ್ಲದ, ಮೈ ಗಟ್ಟಿಯಾಗಿಲ್ಲದ ಎಳೆಯೆಲೆಯನ್ನು ಬಿಸಿಲಿನಿಂದಲೋ ಶಿಲೀಂಧ್ರದಿಂದಲೋ ಹುಳುಗಳ ಬಾಯಿಯಿಂದಲೋ ಅದು ಕಾಯುತ್ತದೆಂದು ಊಹಿಸಲಾಗಿದೆ. ಹೀಗೆ ಒಂದೇ ದ್ರವ್ಯ ಒಂದು ಕಡೆ ಬದುಕಿನ ಮೊದಲ ವಾರದಲ್ಲಿಯೂ ಇನ್ನೊಂದು ಕಡೆ ಕೊನೆಯ ವಾರದಲ್ಲಿಯೂ ಕಾಣಿಸಿಕೊಳ್ಳುತ್ತದೆ. ನಮ್ಮ ಕಾವ್ಯಪರಂಪರೆ ಕೆಂಪೆಲೆಯನ್ನು ಸದಾ ಎಳೆತನಕ್ಕೇ ಕಟ್ಟಿರುವುದು ಈ ನೆಲದ ಕಣ್ಣಿಗೆ ಸಹಜ. ಕೆಂಪೆಲೆಯೆಂದರೆ ವಿದಾಯ ಎಂಬ ಭಾವನೆ ನಮಗೆ ಚಿತ್ರಗಳ ಮೂಲಕ ಬಂದು ಸೇರಿಕೊಂಡದ್ದು, ಮತ್ತು ಛಾಯಾಗ್ರಾಹಕರಾದ ನಾವು ಅದನ್ನು ಯೋಚಿಸದೆ ಮುಂದುವರಿಸುತ್ತಿದ್ದೇವೆ. ಶೋಲಾದ ಚಿಗುರನ್ನು ತೆಗೆದು ಅದರ ಕೆಳಗೆ "ಶರತ್ಕಾಲದ ಕೊನೆಯ ಎಲೆಗಳು" ಎಂದು ಬರೆದ ಚಿತ್ರಗಳು ಪ್ರದರ್ಶನಗಳಲ್ಲಿಯೂ ಕಣ್ಣಿಗೆ ಬೀಳುತ್ತವೆ. ಅದು ತೊಟ್ಟಿಲ ಕೂಸಿಗೆ ಷಷ್ಟಿಪೂರ್ತಿ ಮಾಡಿದ ಹಾಗೆ.

ಗುರುತಿಸುವುದು ಕಷ್ಟವಲ್ಲ. ಕೆಂಪು ಬಣ್ಣ ರೆಂಬೆಯ ಯಾವ ಭಾಗದಲ್ಲಿದೆ ಎಂಬುದನ್ನು ಮೊದಲು ನೋಡಬೇಕು: ಚಿಗುರು ರೆಂಬೆಯ ತುದಿಯಲ್ಲಿರುತ್ತದೆ, ಮುದಿಯೆಲೆ ಒಳಭಾಗದಲ್ಲಿ, ಬುಡದ ಕಡೆಗೆ ಇರುತ್ತದೆ. ಎಳೆಯೆಲೆಗೆ ಇನ್ನೂ ಬಿಗುವು ಬಂದಿರದ ಕಾರಣ ಹಲವು ಜಾತಿಗಳಲ್ಲಿ ಅದು ಜೋತುಬಿದ್ದಿರುತ್ತದೆ, ಮೈ ಹೊಳೆಯುತ್ತಿರುತ್ತದೆ, ಅಂಚು ಸವೆದಿರುವುದಿಲ್ಲ. ಮುದಿಯೆಲೆ ಗಡುಸು; ಅದರಲ್ಲಿ ಹುಳು ತಿಂದ ತೂತು, ಪಾಚಿಯ ಚುಕ್ಕೆ, ಸುಟ್ಟ ಅಂಚು ಇದ್ದೇ ಇರುತ್ತವೆ. ಹಿಂದಿನಿಂದ ಬೆಳಕು ಬಿಟ್ಟು ನೋಡಿದರೆ ಮುದಿಯೆಲೆಯಲ್ಲಿ ನರಗಳ ಇಕ್ಕೆಲಗಳಲ್ಲಿ ಹಸಿರು ಇನ್ನೂ ಉಳಿದಿರುವುದು ಹಲವು ಸಲ ಕಾಣಿಸುತ್ತದೆ. ಈ ಕಾರಣಕ್ಕೇ ಕೆಂಪೆಲೆಯ ಚಿತ್ರವನ್ನು ತೀರ ಹತ್ತಿರದಿಂದ, ಎಲೆಯೊಂದನ್ನೇ ಕತ್ತರಿಸಿಟ್ಟಂತೆ ತೆಗೆಯಬಾರದೆಂದು ನಾನು ಹೇಳುತ್ತೇನೆ. ಒಂದು ಗೇಣಿನಷ್ಟು ರೆಂಬೆ ಚೌಕಟ್ಟಿನೊಳಗೆ ಇರಲಿ. ಎಲೆ ಎಲ್ಲಿ ಹುಟ್ಟಿದೆ ಎಂಬುದು ಕಂಡರೆ ಅದರ ವಯಸ್ಸೂ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ನಿಯಮ ಮುರಿಯುವ ಮರಗಳನ್ನೂ ಹೇಳಬೇಕು. ಕೂನೂರಿನ ಸಿಮ್ಸ್ ಪಾರ್ಕಿಗೆ ಹೋದವರು ಅಲ್ಲಿನ ರುದ್ರಾಕ್ಷಿ ಮರವನ್ನು ನೋಡಿರುತ್ತೀರಿ. 1874ರಲ್ಲಿ ರೂಪುಗೊಂಡ ಆ ಉದ್ಯಾನ ಊಟಿಯದಕ್ಕಿಂತ ಚಿಕ್ಕದು, ತಗ್ಗಿನಲ್ಲಿರುವುದರಿಂದ ಚಳಿಯೂ ಸ್ವಲ್ಪ ಕಡಿಮೆ. ರುದ್ರಾಕ್ಷಿಯ ಕುಲದ ಮರಗಳು ನಮ್ಮ ಪಶ್ಚಿಮ ಘಟ್ಟದ ಕಾಡುಗಳವೇ ಆದರೂ ಅವುಗಳ ಮುದಿಯೆಲೆ ಉದುರುವ ಮೊದಲು ಅಚ್ಚಗೆಂಪಾಗುತ್ತದೆ, ಅದೂ ಮರವಿಡೀ ಒಮ್ಮೆಲೇ ಅಲ್ಲ, ದಟ್ಟ ಹಸಿರಿನ ನಡುವೆ ಅಲ್ಲೊಂದು ಇಲ್ಲೊಂದು, ಋತುವಿನ ಹಂಗಿಲ್ಲದೆ. ಬಯಲಿನ ಊರುಗಳ ಶಾಲೆಯಂಗಳದ ಬಾದಾಮಿ ಮರದ ಎಲೆಯೂ ಮುಪ್ಪಿನಲ್ಲೇ ಕೆಂಪಾಗುತ್ತದೆ. ಆದುದರಿಂದ ನಮ್ಮ ನೆಲದ ಕೆಂಪೆಲ್ಲ ಎಳೆಯದು, ಪರದೇಶದ ಕೆಂಪೆಲ್ಲ ಮುದಿಯದು ಎಂದು ಗೆರೆ ಎಳೆಯಲಾಗದು. ಪ್ರತಿ ಮರವನ್ನೂ ಬೇರೆಯಾಗಿಯೇ ವಿಚಾರಿಸಬೇಕು. ನೀಲಗಿರಿಯಲ್ಲಿ ಅಲ್ಲಲ್ಲಿ ನೆಟ್ಟಿರುವ ಜಪಾನಿನ ಕ್ರಿಪ್ಟೊಮೇರಿಯಾ ಮರವಂತೂ ಈ ಎರಡೂ ಲೆಕ್ಕಕ್ಕೆ ಸಿಗುವುದಿಲ್ಲ. ಚಳಿ ಬಲಿತಾಗ ಅದರ ಸೂಜಿಯೆಲೆಗಳ ಬಿಸಿಲಿಗೊಡ್ಡಿದ ಬದಿ ಕಂದುಗೆಂಪಾಗುವುದುಂಟು. ಅಲ್ಲಿರುವುದು ಆಂಥೋಸಯಾನಿನ್ ಅಲ್ಲ, ಕೆರೋಟಿನಾಯ್ಡುಗಳ ಗುಂಪಿಗೆ ಸೇರಿದ ಬೇರೊಂದು ದ್ರವ್ಯ. ಬೆಚ್ಚನೆಯ ದಿನಗಳು ಮರಳಿದಾಗ ಅದೇ ಎಲೆ ಮತ್ತೆ ಹಸಿರಾಗುತ್ತದೆ. ಎಳೆಯದೂ ಅಲ್ಲ, ಸಾಯುವುದೂ ಇಲ್ಲ, ಚಳಿಗೆ ಬಣ್ಣ ತಿರುಗುತ್ತದೆ ಅಷ್ಟೆ.

ಪಾಯಿನ್‌ಸೆಟಿಯಾ ಗಿಡದ ಕೆಂಪು ಈ ತಿಂಗಳಿನಲ್ಲಿ ಎಲ್ಲರ ಕಣ್ಣಿಗೂ ಬೀಳುವಂಥದ್ದು. ಹೂವೆಂದು ನಾವು ಕರೆಯುವುದು ಅಲ್ಲಿ ಎಲೆಯೇ. ನಿಜವಾದ ಹೂಗಳು ನಡುವಿನ ಸಣ್ಣ ಹಳದಿ ಗುಂಡುಗಳು. ಮೆಕ್ಸಿಕೋ ಮೂಲದ ಈ ಗಿಡ ರಾತ್ರಿಯ ಉದ್ದವನ್ನು ಅಳೆಯುತ್ತದೆ, ಮತ್ತು ಮರಗಳಿಗೆ ಸಾಲದಾದ ನಮ್ಮ ಅಲ್ಪ ವ್ಯತ್ಯಾಸವೂ ಅದಕ್ಕೆ ಸಾಕಾಗುತ್ತದೆ. ಬೀದಿದೀಪದ ಬೆಳಕು ಇರುಳಿಡೀ ಬೀಳುವ ಬದಿಯಲ್ಲಿ ಅದು ಕೆಂಪಾಗಲು ತಡಮಾಡುತ್ತದೆ. ಅಂಥ ಅರೆಗೆಂಪಿನ ಗಿಡವನ್ನೂ ದೀಪದ ಕಂಬವನ್ನೂ ಒಂದೇ ಚೌಕಟ್ಟಿಗೆ ತಂದರೆ ಅದು ಬರಿಯ ಅಲಂಕಾರದ ಚಿತ್ರವಾಗಿ ಉಳಿಯುವುದಿಲ್ಲ. ಗಾಜಿನ ಮನೆಯ ಕೋಲಿಯಸ್, ಬಿಗೋನಿಯಾಗಳ ಕೆಂಪಿನ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಅದು ವರ್ಷವಿಡೀ ಇರುವ, ತೋಟಗಾರಿಕೆಯ ಆಯ್ಕೆಯಿಂದ ಹೆಚ್ಚಿದ ಬಣ್ಣ. ಅಲ್ಲಿಗೆ ಹೋಗುವವರು ಒಂದು ಎಚ್ಚರಿಕೆ ವಹಿಸಬೇಕು: ಹೊರಗಿನ ಚಳಿಯಲ್ಲಿದ್ದ ಲೆನ್ಸನ್ನು ಒಳಗಿನ ಬೆಚ್ಚನೆಯ ತೇವಕ್ಕೆ ಒಯ್ದೊಡನೆ ಅದರ ಮೇಲೆ ಹಬೆ ಕೂಡುತ್ತದೆ. ಒರೆಸುವುದರಿಂದ ಪ್ರಯೋಜನವಿಲ್ಲ. ಕ್ಯಾಮೆರಾವನ್ನು ಚೀಲದೊಳಗೇ ಮುಚ್ಚಿಟ್ಟುಕೊಂಡು ಒಳಹೋಗಿ, ಅದು ಒಳಗಿನ ಬಿಸುಪಿಗೆ ಬರುವ ತನಕ ಕಾಯುವುದೊಂದೇ ದಾರಿ.

ಕೆಂಪನ್ನು ಸೆರೆಹಿಡಿಯುವ ತಾಂತ್ರಿಕ ತೊಡಕು ಒಂದಿದೆ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಿಜಿಟಲ್ ಕ್ಯಾಮೆರಾ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಬಿಸಿಲು ಹಾಯ್ದ ಕೆಂಪೆಲೆಯಲ್ಲಿ ಒಟ್ಟು ಬೆಳಕು ಹದವಾಗಿದ್ದರೂ ಕೆಂಪಿನ ಪಾಲು ಮಾತ್ರ ಮಿತಿ ಮೀರಿ ತುಂಬಿಹೋಗಬಹುದು. ಆಗ ಎಲೆಯ ನರ, ಸುಕ್ಕು, ಚುಕ್ಕೆ ಎಲ್ಲವೂ ಅಳಿಸಿಹೋಗಿ ಬಣ್ಣ ಬಳಿದ ತಗಡಿನಂಥ ಒಂದು ಆಕಾರ ಉಳಿಯುತ್ತದೆ. ಎಲೆಯ ವಯಸ್ಸನ್ನು ಹೇಳುವ ಗುರುತುಗಳು ಯಾವುವೆಂದು ಆಗಲೇ ಹೇಳಿದೆನೋ ಅವೇ ಮೊದಲು ಅಳಿಯುತ್ತವೆ. ಚಿತ್ರದಲ್ಲಿ ಕತ್ತಲಿನಿಂದ ಬೆಳಕಿನವರೆಗಿನ ಹಂಚಿಕೆಯನ್ನು ತೋರಿಸುವ ನಕ್ಷೆಯೇ ಹಿಸ್ಟೋಗ್ರಾಮ್; ಬಿಳಿ ಗೆರೆಯ ಒಂದೇ ಹಿಸ್ಟೋಗ್ರಾಮನ್ನು ನೋಡಿದರೆ ಈ ಅನಾಹುತ ಗೊತ್ತಾಗುವುದಿಲ್ಲ. ಮೂರು ಬಣ್ಣಗಳ ಹಿಸ್ಟೋಗ್ರಾಮನ್ನು ತೆರೆದು, ಕೆಂಪಿನ ಗೆರೆ ಬಲಗೋಡೆಗೆ ಒತ್ತಿಕೊಂಡಿದೆಯೇ ಎಂದು ನೋಡಿ, ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ದಾಖಲಿಸುವ ಬೆಳಕನ್ನು, ಅರ್ಧದಿಂದ ಮುಕ್ಕಾಲು ಹಂತ (ಸ್ಟಾಪ್) ಇಳಿಸಬೇಕು. ಮೊಬೈಲಿನಲ್ಲಿ ತೆಗೆಯುವವರು ಎಲೆಯ ಮೇಲೆ ಬೆರಳೊತ್ತಿ ಹಿಡಿದು ಬೆಳಕನ್ನು ಕೈಯಾರೆ ತಗ್ಗಿಸಬಹುದು. ಮೊಬೈಲಿನ ಇನ್ನೊಂದು ಚಾಳಿಯೆಂದರೆ ಬಣ್ಣಗಳನ್ನು ತಾನೇ ಗಾಢಗೊಳಿಸುವುದು. ತಾಮ್ರಗೆಂಪು, ಇಟ್ಟಿಗೆಗೆಂಪು, ಕುಂಕುಮಗೆಂಪುಗಳ ವ್ಯತ್ಯಾಸವನ್ನು ಅದು ನುಂಗಿಬಿಡುತ್ತದೆ. ಕಚ್ಚಾ (RAW) ರೂಪದಲ್ಲಿ ಚಿತ್ರ ಉಳಿಸುವ ಸೌಲಭ್ಯ ನಿಮ್ಮ ಫೋನಿನಲ್ಲಿದ್ದರೆ ಈ ಒಂದು ನಡಿಗೆಗಾದರೂ ಬಳಸಿ.

ಮಳೆ ನಿಂತ ಮೇಲಿನ ಒದ್ದೆ ಎಲೆಗಳಿಗೆ ಪೋಲರೈಸರ್, ಅಂದರೆ ಪ್ರತಿಫಲಿಸಿದ ಹೊಳಪನ್ನು ತಗ್ಗಿಸುವ ಫಿಲ್ಟರ್, ಬೇಕೇಬೇಕು. ಎಳೆಯೆಲೆಯ ಹೊಳಪಿನಲ್ಲಿ ಬಿಳಿಯಾಕಾಶ ಪ್ರತಿಬಿಂಬಿಸಿ ಕೆಂಪು ಮಾಸಿಹೋಗಿರುತ್ತದೆ. ಲೆನ್ಸಿನ ಮುಂದೆ ಅದನ್ನು ನಿಧಾನವಾಗಿ ತಿರುಗಿಸಿದರೆ ಹೊಳಪು ಇಳಿದು ಬಣ್ಣ ಮೇಲೇಳುತ್ತದೆ. ಪೂರ್ತಿ ತಿರುಗಿಸಬೇಡಿ. ಆ ಹೊಳಪೇ ಎಳೆತನದ ಸಾಕ್ಷಿಯಾದ್ದರಿಂದ ಸ್ವಲ್ಪವಾದರೂ ಉಳಿಯಬೇಕು. ಮಂಜು ಕವಿದಾಗ ಬೆಳಕಿನಳತೆ ಮೋಸಹೋಗಿ ಚಿತ್ರ ಬೂದಾಗುತ್ತದೆ, ಆಗ ಮುಕ್ಕಾಲು ಹಂತದಷ್ಟು ಏರಿಸಬೇಕು. ಅಂದರೆ ಬಿಸಿಲಿನ ಕೆಂಪಿಗೆ ಮಾಡಿದ್ದರ ತದ್ವಿರುದ್ಧ.

ಕೆಳಗಿನ ಪಾತಿಗಳ ಕಡೆಗೂ ಕ್ಯಾಮೆರಾ ತಿರುಗಿಸಿ ಎಂದು ಕೇಳಿಕೊಳ್ಳುತ್ತೇನೆ. ಈ ದಿನಗಳಲ್ಲಿ ಬಹಳಷ್ಟು ಪಾತಿಗಳು ಅಗೆದು ಬಿಟ್ಟ ಬರಿಮಣ್ಣಾಗಿರುತ್ತವೆ. ಹೂವಿಲ್ಲವೆಂದು ಪ್ರವಾಸಿಗರು ಗೊಣಗುತ್ತ ಮುಂದೆ ಹೋಗುತ್ತಾರೆ. 1896ರಲ್ಲಿ ಶುರುವಾದ ಮೇ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಬೇಕಾದ ಸಿದ್ಧತೆಯ ಕಾಲ ಈ ಚಳಿಗಾಲವೇ. ಗೊಬ್ಬರ ಕಲಸುವ ಕೈಗಳು, ಸಾಲಾಗಿ ಜೋಡಿಸಿದ ಖಾಲಿ ಕುಂಡಗಳು, ಇಬ್ಬನಿಯ ಹೊಡೆತ ತಾಗದಂತೆ ಎಳೆಯ ಸಸಿಗಳ ಮೇಲೆ ಮುಚ್ಚಿದ ಸೊಪ್ಪುಸದೆ, ಇವೆಲ್ಲ ಉದ್ಯಾನದ ಋತುವನ್ನು ಯಾವ ಕೆಂಪೆಲೆಗಿಂತಲೂ ಖಚಿತವಾಗಿ ಹೇಳುತ್ತವೆ. ಕೆಲಸದಲ್ಲಿರುವ ತೋಟಗಾರರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ತೆಗೆಯಿರಿ. ಉದ್ಯಾನದ ಮೇಲ್ತುದಿಯಲ್ಲಿ ಒಂದು ಮಂದ್, ಅಂದರೆ ನೀಲಗಿರಿಯ ಬುಡಕಟ್ಟಿನವರಾದ ತೋಡರ ಹಟ್ಟಿ ಇದೆ. ಅಲ್ಲಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ, ಅದು ಜನ ಬಾಳಿ ಬದುಕುವ ನೆಲೆ, ಉದ್ಯಾನದ ಅಲಂಕಾರವಲ್ಲ. ಬಿಳಿಯ ದಪ್ಪ ಬಟ್ಟೆಯ ಮೇಲೆ ಕೆಂಪು, ಕಪ್ಪು ನೂಲಿನಿಂದ ತೋಡ ಹೆಂಗಸರು ಹಾಕುವ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ಅದರ ಚಿತ್ರ ಬೇಕೆನಿಸಿದರೆ ಮೊದಲು ಮಾತನಾಡಿಸಿ, ಆಮೇಲೆ ಕೇಳಿ.

ಮೇಲಿನ ಶೋಲಾ ಅಂಚಿನಲ್ಲಿ ಕಾದು ನಿಂತರೆ ಇನ್ನೊಂದು ಕೆಂಪು ಕಾಣುವ ಸಂಭವವಿದೆ. ಕಾಶ್ಮೀರದ ನೊಣಹಿಡುಕ ಎಂಬ ಪುಟ್ಟ ಹಕ್ಕಿ ಹಿಮಾಲಯದ ಆ ಕಣಿವೆಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ನೀಲಗಿರಿಗೂ ಶ್ರೀಲಂಕೆಗೂ ಬರುತ್ತದೆ. ಗಂಡಿನ ಎದೆ, ಕೊರಳು ಕೆಂಗಿತ್ತಳೆ. ಚಿನಾರ್ ಮರ ಕೆಂಪಾಗುವುದನ್ನು ನೋಡಲು ನಮ್ಮವರು ಕಾಶ್ಮೀರಕ್ಕೆ ಹೊರಡುವ ಹೊತ್ತಿಗೆ ಅಲ್ಲಿನ ಈ ಹಕ್ಕಿ ನಮ್ಮ ಹಿತ್ತಿಲಿಗೆ ಬಂದಾಗಿರುತ್ತದೆ.

ಉಪನ್ಯಾಸದ ನಂತರ ಕೆಲವು ಪ್ರಶ್ನೆಗಳು ಬಂದವು. ಅವುಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಫರ್ನ್‌ಹಿಲ್ಲಿನಲ್ಲಿರುವ ಕರ್ನಾಟಕ ಸರ್ಕಾರದ ತೋಟಗಾರಿಕಾ ಉದ್ಯಾನದಲ್ಲಿ ಈ ನಡಿಗೆ ಮಾಡಬಹುದೇ ಎಂದು ಒಬ್ಬ ಹಿರಿಯರು ಕೇಳಿದರು. ಮಾಡಬಹುದು, ಆದರೆ ಬೇರೆ ಉದ್ದೇಶಕ್ಕೆ. ಅಲ್ಲಿ ಜಾಗ ವಿಶಾಲ, ನೋಟ ದೂರದವರೆಗೆ ಹರಿಯುತ್ತದೆ, ಇಳಿಜಾರಿನ ಮೇಲೆ ಬೆಳಕು ಸರಿಯುವುದನ್ನು ತೆಗೆಯಲು ಒಳ್ಳೆಯದು. ಹಳೆಯ ಮರಗಳನ್ನು ಒಂದೊಂದಾಗಿ ಓದುವ ಕೆಲಸಕ್ಕೆ ಮಾತ್ರ ಮೆಕೈವರ್ ರೂಪಿಸಿದ ಉದ್ಯಾನವೇ ಸರಿ. ಅಲ್ಲಿನ ಹಲವು ಮರಗಳಿಗೆ ಹೆಸರುಪಟ್ಟಿ ಇರುವುದರಿಂದ ಚಿತ್ರದ ಜೊತೆಗೆ ಹೆಸರನ್ನೂ ಬರೆದುಕೊಳ್ಳಬಹುದು.

ಕಾಲೇಜು ಓದುತ್ತಿರುವ ಒಬ್ಬಳು ಕೇಳಿದ ಪ್ರಶ್ನೆ ಇನ್ನೂ ಚೆನ್ನಾಗಿತ್ತು: ರೆಂಬೆಯೇ ಕಾಣದ, ನೆಲಕ್ಕೆ ಬಿದ್ದ ಕೆಂಪೆಲೆಯ ವಯಸ್ಸನ್ನು ಹೇಳುವುದು ಹೇಗೆ? ತೊಟ್ಟಿನ ತುದಿಯನ್ನು ನೋಡಬೇಕು. ಮರ ತಾನಾಗಿ ಉದುರಿಸಿದ ಎಲೆಯ ತೊಟ್ಟು ನಯವಾಗಿ, ಮುದ್ರೆಯೊತ್ತಿದಂತೆ ಮುಗಿದಿರುತ್ತದೆ, ಏಕೆಂದರೆ ಎಲೆ ಕಳಚುವ ಮೊದಲೇ ಆ ಜಾಗದಲ್ಲಿ ಬೇರ್ಪಡುವ ಪದರವೊಂದು ರೂಪುಗೊಂಡಿರುತ್ತದೆ. ಗಾಳಿಗೋ ಹಕ್ಕಿಯ ಕಾಲಿಗೋ ಸಿಕ್ಕಿ ಮುರಿದು ಬಿದ್ದ ಚಿಗುರಿನ ತೊಟ್ಟು ಹರಿದಿರುತ್ತದೆ, ನಾರು ಎದ್ದಿರುತ್ತದೆ. ಆದ್ದರಿಂದ ನೆಲದ ಮೇಲಿನ ಎಲೆಯನ್ನು ತೆಗೆಯುವಾಗ ತೊಟ್ಟನ್ನು ಚೌಕಟ್ಟಿನಿಂದ ಹೊರಗೆ ಬಿಡಬೇಡಿ, ಮತ್ತು ತೊಟ್ಟಿನ ತುದಿಗೇ ಫೋಕಸ್ ಮಾಡಿದ ಇನ್ನೊಂದು ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ ಎಂದು ಅವಳಿಗೆ ಹೇಳಿದೆ.